ಆಭಾ ಸಂಖ್ಯೆ ಮತ್ತು ಆಸ್ಪತ್ರೆ ದಾಖಲೆಗಳ ಜೋಡಣೆ

ಹಿರಿಯೂರು, ಹೊಸದುರ್ಗ ಅಥವಾ ಹೊಳಲ್ಕೆರೆ ತಾಲ್ಲೂಕು ಆಸ್ಪತ್ರೆಯಿಂದ ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಗೆ ಕಳುಹಿಸಲಾದ ರೋಗಿಯ ಹಿಂದಿನ ದಾಖಲೆಗಳು ದೊರೆಯದಿದ್ದಲ್ಲಿ, ಮಾಡಿದ ಪರೀಕ್ಷೆಗಳನ್ನೇ ಪುನಃ ಮಾಡಬೇಕಾಗಿ ಚಿಕಿತ್ಸೆ ವಿಳಂಬವಾಗುವ ಸಂಭವವಿರುತ್ತದೆ. ಆಸ್ಪತ್ರೆಗಳ ಗಣಕ ವ್ಯವಸ್ಥೆ ಹಾಗೂ ನೋಂದಣಿ ಸಂಖ್ಯೆಗಳು ಬೇರೆ ಬೇರೆಯಾಗಿರುವುದು ಇದಕ್ಕೆ ಒಂದು ಕಾರಣ.

ಇದರ ನಿವಾರಣೆಗಾಗಿ, 2021ರ ಸೆಪ್ಟೆಂಬರ್ 27ರಂದು ರಾಷ್ಟ್ರಮಟ್ಟದಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ 14 ಅಂಕಿಗಳ ಆಭಾ ಸಂಖ್ಯೆಯನ್ನು ಉಚಿತವಾಗಿ ನೀಡಲಾಗುತ್ತಿದೆ. ಇದನ್ನು ಪಡೆಯುವುದು ಐಚ್ಛಿಕ. ದಾಖಲೆಗಳು ಆಯಾ ಆಸ್ಪತ್ರೆಯಲ್ಲಿಯೇ ಉಳಿದು, ರೋಗಿಯ ಒಪ್ಪಿಗೆಯ ಮೇರೆಗೆ ಮಾತ್ರ ಮತ್ತೊಂದು ಆಸ್ಪತ್ರೆಯ ವೈದ್ಯರಿಗೆ ಲಭ್ಯವಾಗುತ್ತವೆ. ಎರಡೂ ಆಸ್ಪತ್ರೆಗಳ ತಂತ್ರಾಂಶಗಳು ಈ ಜಾಲಕ್ಕೆ ಜೋಡಣೆಯಾಗಿದ್ದು, ದಾಖಲೆಯನ್ನು ಆಭಾ ಸಂಖ್ಯೆಗೆ ಸೇರಿಸಿದ್ದಲ್ಲಿ ಮಾತ್ರ ಇದು ಸಾಧ್ಯ. ಆದುದರಿಂದ ಚೀಟಿ, ವರದಿ ಹಾಗೂ ಎಕ್ಸ್-ರೇಗಳನ್ನು ಜೋಪಾನವಾಗಿರಿಸಿ, ಜೊತೆಗೆ ತರತಕ್ಕದ್ದು.

ಆಭಾ ಕಾರ್ಡು ಉಚಿತ ಚಿಕಿತ್ಸೆಯ ಕಾರ್ಡಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸುವುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯಕ್ಕಾಗಿ ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಆ ಯೋಜನೆಯ ಕಾರ್ಡನ್ನು ಪ್ರತ್ಯೇಕವಾಗಿ ಪಡೆಯಬೇಕು. ತುರ್ತು ಚಿಕಿತ್ಸೆಯ ಹೊರತು, ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಅಗತ್ಯ. ಆಭಾ ಸಂಖ್ಯೆ ಅದಕ್ಕೆ ಬದಲಿಯಾಗುವುದಿಲ್ಲ.