ಸೆಕೆಂಡಿಗೆ ನಾಲ್ಕೂವರೆ ಲಕ್ಷ

ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿ, ನೇತ್ರಾವತಿ ಸೇತುವೆ ದಾಟಿ ಪಾಣೆಮಂಗಳೂರು ಮುಟ್ಟುವಷ್ಟರಲ್ಲಿ ಒಂದು ನಿಮಿಷ ಕಳೆಯಿತು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಉಂಡು ಕಿಟಕಿ ಪಕ್ಕ ಕೂತವರ ಜೀರ್ಣನಾಳದಲ್ಲಿ ಆ ಒಂದು ನಿಮಿಷಕ್ಕೆ ಸುಮಾರು 2.7 ಕೋಟಿ ಜೀವಕೋಶಗಳು ಉದುರಿರುತ್ತವೆ. ಅಷ್ಟೇ ಹೊಸವು ಹುಟ್ಟಿರುತ್ತವೆ.

ಉತ್ಪ್ರೇಕ್ಷೆ ಅಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಸೆಂಡರ್ ಮತ್ತು ರಾನ್ ಮಿಲೊ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ 70 ಕಿಲೋ ತೂಕದ ತರುಣನ ದೇಹದಲ್ಲಿ ದಿನಕ್ಕೆ 33,000 ಕೋಟಿ ಜೀವಕೋಶಗಳು ಬದಲಾಗುತ್ತವೆ. ಹೆಚ್ಚಿನವು ರಕ್ತದವು. ಶೇಕಡಾ 12ರಷ್ಟು ಜೀರ್ಣನಾಳದ ಒಳಪದರದವು. ಅಂದರೆ ದಿನಕ್ಕೆ 4,000 ಕೋಟಿ, ಸೆಕೆಂಡಿಗೆ ನಾಲ್ಕೂವರೆ ಲಕ್ಷದ ಮೇಲೆ. ತೂಕದಲ್ಲಿ ದಿನಕ್ಕೆ ಮೂವತ್ತು ಚಿಲ್ಲರೆ ಗ್ರಾಂ, ವರ್ಷಕ್ಕೆ ಹತ್ತಿರ ಹತ್ತಿರ 12 ಕಿಲೋ.

ಜಾಗವಾದರೂ ಎಷ್ಟು? ಕರುಳನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟು ಎಂದು ಶಾಲೆಯಲ್ಲಿ ಓದಿದವರು ಅದನ್ನು ಮರೆಯಬಹುದು. ಸ್ವೀಡನ್ನಿನ ಇಬ್ಬರು ಸಂಶೋಧಕರು 2014ರಲ್ಲಿ ಮತ್ತೆ ಅಳೆದಾಗ ಸಿಕ್ಕಿದ್ದು ಸುಮಾರು 32 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 345 ಚದರ ಅಡಿ. ನನಗೆ ಈ ಸಣ್ಣ ಸಂಖ್ಯೆಯೇ ಹೆಚ್ಚು ಬೆರಗು. ಇಷ್ಟೇ ಜಾಗದಲ್ಲಿ ಅಷ್ಟೊಂದು ಹುಟ್ಟುಸಾವು. ಸಣ್ಣಕರುಳಿನ ಒಳಮೈ ತುಂಬ ಬೆರಳಿನಂಥ ಚಾಚುಗಳಿವೆ, ಚದರ ಮಿಲಿಮೀಟರಿಗೆ ಇಪ್ಪತ್ತರಿಂದ ನಲವತ್ತು. ಮೂಡುಬಿದಿರೆಯ ಬಸದಿಯ ಸಾವಿರ ಕಂಬ ಎಂಬ ಲೆಕ್ಕವನ್ನು ಇಲ್ಲಿಗೆ ತಂದರೆ, ಅಷ್ಟೂ ಕಿರುಬೆರಳ ಉಗುರಿನ ಮೇಲೆ ನಿಲ್ಲುತ್ತವೆ.

ಈ ಕಂಬಗಳ ಬುಡದ ಕುಳಿಗಳಲ್ಲಿ ಕಾಂಡಕೋಶಗಳಿವೆ. ಇಲಿಯಲ್ಲಿ ಕುಳಿಯೊಂದಕ್ಕೆ ಬರೀ ಹದಿನೈದರಷ್ಟು. 2007ರಲ್ಲಿ ಇವನ್ನು ಗುರುತು ಹಿಡಿದದ್ದು ನೆದರ್‌ಲ್ಯಾಂಡ್ಸಿನ ಹಾನ್ಸ್ ಕ್ಲೆವರ್ಸ್ ಪ್ರಯೋಗಾಲಯ. ದಿನಕ್ಕೊಮ್ಮೆ ಅವು ಒಡೆದು ಎರಡಾಗುತ್ತವೆ. ಮಕ್ಕಳು ಮೇಲೇರುತ್ತಾ ತಮ್ಮ ಕಸುಬು ಹಿಡಿಯುತ್ತವೆ: ಹೆಚ್ಚಿನವು ಆಹಾರ ಹೀರುತ್ತವೆ, ಕೆಲವು ಲೋಳೆ ಸುರಿಸುತ್ತವೆ, ನೂರಕ್ಕೊಂದರಂತೆ ಹಾರ್ಮೋನು ಕೋಶ. ಮೂರರಿಂದ ಐದು ದಿನಕ್ಕೆ ತುದಿ ತಲುಪಿ ಉದುರುತ್ತವೆ.

ಯಾರು ಏನಾಗಬೇಕು ಎಂದು ಹೇಳುವವರು ಯಾರು? ಬುಡದಲ್ಲಿ ವಿಂಟ್ ಎಂಬ ಸಂಕೇತ ದಟ್ಟ, ತುದಿಯತ್ತ ಬಿಎಂಪಿ. ನಾಚ್ ಎಂಬ ಇನ್ನೊಂದು ಪಕ್ಕದ ಕೋಶವನ್ನು ಮುಟ್ಟಿಯೇ ಮಾತಾಡುತ್ತದೆ. ಒಂದು ಸ್ರವಿಸುವ ಕೋಶವಾಗಹೊರಟರೆ ನೆರೆಯವುಗಳಿಗೆ ಆ ದಾರಿ ಬಂದ್. ಇವುಗಳ ಜೊತೆಗೆ ಇಜಿಎಫ್: ಬರೀ 53 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. 1962ರಲ್ಲಿ ಸ್ಟಾನ್ಲಿ ಕೊಹೆನ್ ಇದನ್ನು ಇಲಿಯ ಜೊಲ್ಲುಗ್ರಂಥಿಯಿಂದ ಬೇರ್ಪಡಿಸಿದರು, ಅದು ಮರಿಗಳ ಕಣ್ಣನ್ನು ಬೇಗ ತೆರೆಸುತ್ತಿತ್ತೆಂಬ ಸುಳಿವು ಹಿಡಿದು. 1986ರಲ್ಲಿ ನೊಬೆಲ್ ಬಂತು. ನಮ್ಮ ಜೊಲ್ಲಿನಲ್ಲೂ ತಾಯಿಯ ಹಾಲಿನಲ್ಲೂ ಇಜಿಎಫ್ ಇದೆ.

2009ರಲ್ಲಿ ಕ್ಲೆವರ್ಸ್ ಜೊತೆಗಿದ್ದ ತೊಶಿರೊ ಸಾತೊ ಇಜಿಎಫ್, ನಾಗಿನ್, ಆರ್-ಸ್ಪಾಂಡಿನ್ ಎಂಬ ಮೂರನ್ನು ಬೆರೆಸಿದ ದ್ರವದಲ್ಲಿ ಒಂದೇ ಕಾಂಡಕೋಶದಿಂದ ಕುಳಿ ಸಮೇತ ಕಿರುಕರುಳನ್ನು ಬೆಳೆಸಿದರು. ಇಂಥ ದ್ರವಕ್ಕೆ ಇಜಿಎಫ್ ಮಿಲಿಲೀಟರಿಗೆ 50 ನ್ಯಾನೋಗ್ರಾಂ ಸಾಕು. ಒಂದು ಗ್ರಾಂ ಇದ್ದರೆ 20,000 ಲೀಟರ್ ತಯಾರು! ಹಾಗಿದ್ದೂ ಪ್ರತಿ ಮಿಲಿಲೀಟರಿನಲ್ಲಿ ಸುಮಾರು ಐದು ಲಕ್ಷ ಕೋಟಿ ಅಣುಗಳು.

ಕೊಟ್ಟದ್ದಷ್ಟೇ ಅಲ್ಲ, ತಡೆದದ್ದೂ ಕೆಲಸ ಮಾಡುತ್ತದೆ. 2017ರಲ್ಲಿ ಅದೇ ಪ್ರಯೋಗಾಲಯದವರು ಇಜಿಎಫ್ ಸಂಕೇತಕ್ಕೆ ತಡೆಯೊಡ್ಡಿದಾಗ ಕಾಂಡಕೋಶಗಳು ಒಡೆಯುವುದನ್ನು ಬಿಟ್ಟು ಸುಮ್ಮನಾದವು. ವಿಂಟ್ ಮತ್ತು ನಾಚ್ ಸಂಕೇತಗಳನ್ನೂ ತಡೆದಾಗ ಅಪರೂಪದ ಹಾರ್ಮೋನು ಕೋಶಗಳು ಗುಂಪುಗುಂಪಾಗಿ ಹುಟ್ಟಿದವು. ಶುಗರ್ ಇರುವವರು ಕೇಳಿರುವ ಜಿಎಲ್‌ಪಿ-1 ಹಾರ್ಮೋನು ಬರುವುದು ಈ ಬಗೆಯ ಕೋಶಗಳಿಂದಲೇ. ರಕ್ತಕ್ಕೆ ಬಿದ್ದ ಎರಡೇ ನಿಮಿಷದಲ್ಲಿ ಅದರ ಅರ್ಧ ಪಾಲು ಮುಗಿದಿರುತ್ತದೆ. ಅದನ್ನೇ ಅನುಕರಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು ಅರ್ಧಕ್ಕಿಳಿಯಲು ಒಂದು ವಾರ ಬೇಕು.