ಚಹದ ಪಾತ್ರೆಯ ಕಾವಲು

ಜಪಾನ್ ದೇಶದ ನೂರು ಜನರಲ್ಲಿ ಸುಮಾರು 29 ಮಂದಿ 65 ವರ್ಷ ತುಂಬಿದವರು. ಅವರಲ್ಲಿ ಅನೇಕರು ಒಂಟಿಯಾಗಿ ಬಾಳುವವರು. ಅಂಥ ವೃದ್ಧೆಯೊಬ್ಬರು ಬಚ್ಚಲಿನಲ್ಲಿ ಜಾರಿಬಿದ್ದರೆ ದೂರದ ಊರಿನಲ್ಲಿರುವ ಮಗನಿಗೆ ತಿಳಿಯುವುದೆಂತು?

ಈ ಚಿಂತೆಗೆ ಜೋಜಿರುಶಿ ಎಂಬ ಸಂಸ್ಥೆಯು 2001ರಲ್ಲಿ ಸರಳವಾದ ಉಪಾಯವೊಂದನ್ನು ಕಂಡುಕೊಂಡಿತು. ಜಪಾನೀಯರ ದಿನಚರಿಯಲ್ಲಿ ಚಹಕ್ಕೆ ದೊಡ್ಡ ಸ್ಥಾನವುಂಟು. ಚಹಕ್ಕಾಗಿ ನೀರು ಕಾಯಿಸುವ ವಿದ್ಯುತ್ ಪಾತ್ರೆಯಲ್ಲಿಯೇ ಅದು ಒಂದು ನಿಸ್ತಂತು ಸಾಧನವನ್ನು ಅಡಗಿಸಿತು. ಹಿರಿಯರು ನೀರು ಬಗ್ಗಿಸಿಕೊಂಡುದರ ವಿವರವು ದಿನಕ್ಕೆರಡು ಬಾರಿ ಮಕ್ಕಳಿಗೆ ತಲಪುತ್ತಿತ್ತು. ಅಂದು ಪಾತ್ರೆಯನ್ನು ಯಾರೂ ಮುಟ್ಟಿಲ್ಲವೆಂದು ಕಂಡರೆ ಅವರು ಕೂಡಲೆ ದೂರವಾಣಿಯಲ್ಲಿ ವಿಚಾರಿಸಬಹುದಾಗಿತ್ತು.

ಪಾತ್ರೆಗೆ ಬುದ್ಧಿಯಿರಲಿಲ್ಲ; ಸುದ್ದಿಯ ಅರ್ಥವನ್ನು ಮಕ್ಕಳೇ ಊಹಿಸಬೇಕಾಗಿತ್ತು. ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳು ಆ ಕೆಲಸವನ್ನೂ ವಹಿಸಿಕೊಂಡಿವೆ. ಬಾಗಿಲು, ಹಾಸಿಗೆಗಳಲ್ಲಿ ಇರಿಸಿದ ಸಂವೇದಕಗಳಿಂದ ಅವು ಹಿರಿಯರ ದಿನಚರಿಯನ್ನು ಕಲಿಯುತ್ತವೆ. ನಿತ್ಯವೂ ಆರಕ್ಕೆ ಏಳುವವರು ಎಂಟಾದರೂ ಏಳದಿದ್ದರೆ ತಾವೇ ಸುದ್ದಿ ಕಳುಹಿಸುತ್ತವೆ. ತಪ್ಪುವುದೂ ಉಂಟು. ಹಬ್ಬದ ಆಯಾಸದಿಂದ ಬಂದ ನಿದ್ರೆಯೂ ಅವಕ್ಕೆ ಅಪಾಯವಾಗಿ ತೋರೀತು.

ಇದಕ್ಕಿಂತ ತೊಡಕಿನ ಸಂಗತಿ ಬೇರೆಯಿದೆ. ಚಹದ ಪಾತ್ರೆ ತಿಳಿಸುತ್ತಿದ್ದುದು ತಾಯಿಯ ಕ್ಷೇಮವನ್ನು ಮಾತ್ರ. ಹೊಸ ಸಾಧನಗಳು ಆಕೆ ಎದ್ದದ್ದು, ನಡೆದದ್ದು, ಮಲಗಿದ್ದು ಎಲ್ಲವನ್ನೂ ತಿಳಿಸಬಲ್ಲವು. ಇದು ಎಲ್ಲರಿಗೂ ಹಿತವಲ್ಲ. ಮನೆಯೊಳಗೆ ಕ್ಯಾಮೆರಾ ಬೇಡವೆನ್ನುವ ಎಷ್ಟೋ ವೃದ್ಧರು ಬಾಗಿಲಿನ ಸಂವೇದಕವನ್ನು ಒಪ್ಪುತ್ತಾರೆ.