ಅವಧಾನ

ಕಳೆದ ಮಾವಿನ ಕಾಲದ ಮಾತು. ಸಂಜೆ ಕಾಲೇಜಿನಿಂದ ಬಂದು ನಡುಮನೆಯಲ್ಲಿ ಕುಳಿತಿದ್ದೆ. ಶ್ರೀನಿವಾಸಪುರದ ನಂಟರು ಕಳುಹಿಸಿದ್ದ ಹಣ್ಣುಗಳನ್ನು ಹೆಚ್ಚುತ್ತ ನನ್ನ ತಾಯಿಯವರು ಏನನ್ನೋ ಹೇಳುತ್ತಿದ್ದರು. ನನ್ನ ಬೆರಳು ಮೊಬೈಲಿನ ಗಾಜಿನ ಮೇಲೆ ಆಡುತ್ತಿತ್ತು; ಬಾಯಿ ಆಗಾಗ ‘ಹೂಂ’ ಎನ್ನುತ್ತಿತ್ತು.

ತಿಂಗಳು ಕಳೆಯುವುದರೊಳಗೆ ಅವರು ದೇವರ ಮನೆಯ ಹೊಸ್ತಿಲನ್ನು ಎಡವಿ ಬಿದ್ದರು. ವೈದ್ಯರು ಪರೀಕ್ಷಿಸಿ, ಎಡಗಣ್ಣಿನಲ್ಲಿ ಪೊರೆ ಬಲಿತಿದೆಯೆಂದರು.

“ಮೊದಲೇ ಏಕೆ ಹೇಳಲಿಲ್ಲ, ಅಮ್ಮ?” ಎಂದು ಕೇಳಿದೆ.

“ಹೇಳಿದ್ದೆನಲ್ಲಪ್ಪ, ಅವತ್ತು ಹಣ್ಣು ಹೆಚ್ಚುವಾಗ. ನೀನೂ ಹೂಂ ಅಂದೆಯಲ್ಲ!”

ಅವರ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಆದುದರಿಂದಲೇ ಅದು ಹೆಚ್ಚು ನೋಯಿಸಿತು. ಶಸ್ತ್ರಚಿಕಿತ್ಸೆಯಾಗಿ ಅವರ ದೃಷ್ಟಿ ಮರಳಿತು. ಆದರೆ ಎರಡು ಕಣ್ಣೂ ನೆಟ್ಟಗಿದ್ದ ನಾನು ಎದುರಿಗಿದ್ದವರನ್ನು ಕಾಣದೆ ಹೋದುದಕ್ಕೆ ಯಾವ ಚಿಕಿತ್ಸೆಯಿದೆ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಯಂತ್ರದ ತಪ್ಪೇ?

ಯಂತ್ರವನ್ನು ಬೈಯುವುದು ಸುಲಭ. ಅದರಲ್ಲಿಯೂ ಕೋಲಾರ ಸೀಮೆಯವರಾದ ನಾವು ಹಾಗೆ ಬೈಯುವುದು ನ್ಯಾಯವಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ತೊಂಬತ್ತಕ್ಕೂ ಹೆಚ್ಚು ಮೈಲಿ ಹರಿದು ಮೊದಲು ತಲುಪಿದುದು ನಮ್ಮ ಚಿನ್ನದ ಗಣಿಗಳನ್ನೇ. ಇಂದು ಕೋಲಾರಕ್ಕೆ ಸಮೀಪದ ನರಸಾಪುರದಲ್ಲಿ, ತೈವಾನಿನ ವಿಸ್ಟ್ರಾನ್ ಸಂಸ್ಥೆ ಕಟ್ಟಿದ, 2023ರಲ್ಲಿ ಟಾಟಾ ಸಮೂಹದ ಕೈಸೇರಿದ ಕಾರ್ಖಾನೆಯಲ್ಲಿ ಐಫೋನುಗಳು ಜೋಡಣೆಯಾಗುತ್ತಿವೆ. ನಮ್ಮ ಹಳ್ಳಿಗಳ ಮಕ್ಕಳೂ ದುಡಿಯುವ ಕಾರ್ಖಾನೆ ಅದು. ಕೋಲಾರದ ಟೊಮೇಟೊ ಮಂಡಿಗೆ ಗಾಡಿ ಕಟ್ಟುವ ಮುನ್ನ ರೈತನು ಧಾರಣೆಯನ್ನು ತಿಳಿಯುವುದೂ, ಬೆಂಗಳೂರಿನಲ್ಲಿ ಓದುವ ಮಗನ ಮುಖವನ್ನು ಮಾಲೂರಿನ ತಾಯಿ ಕಾಣುವುದೂ ಈ ಯಂತ್ರದಿಂದಲೇ. ಬೇಕೆಂದು ಕೈಗೆತ್ತಿಕೊಂಡು, ಕೆಲಸ ಮುಗಿದೊಡನೆ ಕೆಳಗಿಡುವಷ್ಟು ಹೊತ್ತು ಅದು ನಮ್ಮ ಸೇವಕ.

ತೊಡಕಿರುವುದು ಕೆಳಗಿಡುವುದರಲ್ಲಿ. ವಾರಪತ್ರಿಕೆಯ ಧಾರಾವಾಹಿ ಎಷ್ಟೇ ಕುತೂಹಲಕರವಾಗಿರಲಿ, ‘ಮುಂದಿನ ವಾರಕ್ಕೆ’ ಎಂಬಲ್ಲಿ ನಿಲ್ಲಲೇಬೇಕು. ಮೊಬೈಲಿನ ತೆರೆಗೆ ಅಂತಹ ಕೊನೆಯ ಸಾಲಿಲ್ಲ. ಎಳೆದಷ್ಟೂ ಕೆಳಗಿನಿಂದ ಮತ್ತೊಂದು ಚಿತ್ರ, ಮತ್ತೊಂದು ಸುದ್ದಿ ಏಳುತ್ತದೆ. ನಮ್ಮ ಬಿಡುವನ್ನೇ ವ್ಯಾಪಾರ ಮಾಡಿಕೊಂಡವರು ಅದನ್ನು ಹಾಗೆಯೇ ರಚಿಸಿದ್ದಾರೆ. ಭಕ್ತಿಯೂ ಇದಕ್ಕೆ ಹೊರತಲ್ಲ. ಮುಂಜಾನೆ ಮನೆಯ ದೇವರಿಗೆ ಕೈಮುಗಿಯುವ ಮೊದಲೇ ಮೂವತ್ತು ಜನರಿಗೆ ದೇವರ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಎಂಟು ಪ್ರಶ್ನೆ, ಒಂದು ಮನಸ್ಸು

ಹಾಗಾದರೆ ಮನಸ್ಸನ್ನು ಕಾಯ್ದುಕೊಳ್ಳುವ ಬಗೆ ಹೇಗೆ? ನನಗೆ ದಾರಿ ತೋರಿದುದು ನಮ್ಮ ಸಾಹಿತ್ಯದ ಒಂದು ಹಳೆಯ ಕಲೆ. ಅದರ ಹೆಸರೇ ಅವಧಾನ. ಎಂದರೆ, ಮನಸ್ಸನ್ನು ನೆಲೆಗೊಳಿಸುವುದು. ಈ ಕಲೆಗೆ ಕನ್ನಡದಲ್ಲಿ ಹೊಸ ಹುಟ್ಟು ಕೊಟ್ಟ ಶತಾವಧಾನಿ ಡಾ. ರಾ. ಗಣೇಶ್ ಅವರು 1962ರಲ್ಲಿ ಜನಿಸಿದುದು ಕೋಲಾರದಲ್ಲಿಯೇ. ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿರುವ ಅವರು 2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನಗಳ ಶತಾವಧಾನವನ್ನು ಸಂಪೂರ್ಣವಾಗಿ ಕನ್ನಡದಲ್ಲಿಯೇ ನೆರವೇರಿಸಿದರು.

ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಅವಧಾನಿಯನ್ನು ಸುತ್ತುವರಿದು ಕುಳಿತಿರುತ್ತಾರೆ. ಒಬ್ಬರು ಸಮಸ್ಯೆಯ ಸಾಲನ್ನು ಕೊಟ್ಟು ಪದ್ಯವನ್ನು ಪೂರ್ಣಗೊಳಿಸಲು ಹೇಳುತ್ತಾರೆ. ಇನ್ನೊಬ್ಬರು ತಾವು ಕೊಟ್ಟ ಪದಗಳು ಪದ್ಯದಲ್ಲಿ ಬರಬೇಕೆನ್ನುತ್ತಾರೆ. ಮತ್ತೊಬ್ಬರು ಅಕ್ಷರಕ್ಕೊಮ್ಮೆ ಅಡ್ಡಬಂದು, ಮುಂದೆ ಇಂತಹ ಅಕ್ಷರ ಕೂಡದೆನ್ನುತ್ತಾರೆ. ಅವಧಾನಿಯ ಕೈಯಲ್ಲಿ ಲೇಖನಿಯಿಲ್ಲ, ಮುಂದೆ ಕಾಗದವಿಲ್ಲ. ಒಂದೊಂದು ಸುತ್ತಿನಲ್ಲಿ ಒಂದೊಂದು ಪಾದವನ್ನು ರಚಿಸುತ್ತ ಹೋಗಿ, ಕೊನೆಗೆ ಎಲ್ಲ ಪದ್ಯಗಳನ್ನೂ ನೆನಪಿನಿಂದಲೇ ಒಪ್ಪಿಸಬೇಕು.

ಈ ಎಂಟರಲ್ಲಿ ಒಂದು ಅಪ್ರಸ್ತುತಪ್ರಸಂಗ. ಅದನ್ನು ನಿರ್ವಹಿಸುವವರಿಗೆ ಒಂದೇ ಕೆಲಸ: ಬೇಕೆಂದಾಗ ಬಾಯಿಹಾಕಿ, ಸಂಬಂಧವಿಲ್ಲದ ತಮಾಷೆಯ ಪ್ರಶ್ನೆ ಕೇಳಿ, ಅವಧಾನಿಯ ಮನಸ್ಸನ್ನು ಕದಲಿಸುವುದು. ನಮ್ಮ ಜೇಬಿನಲ್ಲಿ ಕುಳಿತು ಗಳಿಗೆಗೊಮ್ಮೆ ಟಿಣ್ ಎನ್ನುವ ಯಂತ್ರಕ್ಕೆ ಇದಕ್ಕಿಂತ ಸರಿಯಾದ ಹೆಸರು ಬೇಕೆ?

ಅವಧಾನಿ ಆ ಪೃಚ್ಛಕರನ್ನು ಸಭೆಯಿಂದ ಹೊರಗೆ ಕಳುಹಿಸುವುದಿಲ್ಲ. ಮುನಿಯುವುದೂ ಇಲ್ಲ. ನಗುನಗುತ್ತ ಚುರುಕಾದ ಉತ್ತರ ಕೊಟ್ಟು, ಬಿಟ್ಟಿದ್ದ ಪಾದಕ್ಕೆ ಮರಳುತ್ತಾರೆ. ಅಡ್ಡಿಯೇ ಇಲ್ಲದ ಲೋಕ ಅವರಿಗೆ ಬೇಕಿಲ್ಲ. ಅಡ್ಡಿ ಬಂದಾಗಲೂ ತಾನು ಎಲ್ಲಿದ್ದೆನೆಂಬ ಅರಿವು ತಪ್ಪದಿದ್ದರೆ ಸಾಕು. ಹೊರಗೆ ಉತ್ತರ ಕೊಡುವವನೊಬ್ಬ, ಒಳಗೆ ಪದ್ಯವನ್ನು ಹಿಡಿದು ನಿಂತವನೊಬ್ಬ. ಆ ಒಳಗಿನವನನ್ನೇ ನಮ್ಮ ಹಿರಿಯರು ಸಾಕ್ಷಿಯೆಂದು ಕರೆದರು.

ಅವಧಾನಿಯಾಗುವ ಪ್ರತಿಭೆ ಎಲ್ಲರಿಗೂ ಬಾರದು, ನಿಜ. ಆದರೆ ಈ ಮರಳುವ ಅಭ್ಯಾಸ ಸಂಸಾರಿಗೂ ಸಾಧ್ಯ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರ ವೃತ್ತಿ ಪತ್ರಿಕೋದ್ಯಮ. ದಿನವೂ ಸುದ್ದಿಯ ಸಂತೆಯಲ್ಲಿ ನಿಂತವರಿಂದಲೇ 1943ರಲ್ಲಿ ‘ಮಂಕುತಿಮ್ಮನ ಕಗ್ಗ’ ಹೊರಬಂದಿತು. ಭಗವದ್ಗೀತೆಯನ್ನು ಕುರಿತ ತಮ್ಮ ಗ್ರಂಥಕ್ಕೆ ಅವರು ‘ಜೀವನಧರ್ಮಯೋಗ’ ಎಂಬ ಹೆಸರಿಟ್ಟರು. ಬದುಕಿನ ನಡುವೆ ಇದ್ದುಕೊಂಡೇ ಸಾಧಿಸಬೇಕಾದ ಯೋಗವೆಂಬುದು ಆ ಹೆಸರಿನಲ್ಲಿಯೇ ಇದೆ.

ಮನೆಯ ಮಟ್ಟಿಗೆ

ನಮ್ಮ ಮನೆಯಲ್ಲಿ ಈಗ ಮೂರು ನಿಯಮಗಳಿವೆ. ಫೋನನ್ನು ಕೈಗೆತ್ತಿಕೊಳ್ಳುವಾಗ ‘ಏತಕ್ಕೆ?’ ಎಂದು ಒಮ್ಮೆ ಮನಸ್ಸಿನಲ್ಲಿ ಕೇಳಿಕೊಳ್ಳುವುದು. ಉತ್ತರ ದೊರೆಯದಿದ್ದರೆ ಅಲ್ಲಿಯೇ ಇಡುವುದು. ಮನುಷ್ಯರು ಕರೆಯುವ ಗಂಟೆಯೊಂದನ್ನು ಉಳಿಸಿ, ಮಿಕ್ಕ ಸೂಚನೆಗಳ ಸದ್ದನ್ನೆಲ್ಲ ನಿಲ್ಲಿಸುವುದು. ದೀಪ ಹಚ್ಚಿದ ಮೇಲೆ ಊಟ ಮುಗಿಯುವವರೆಗೆ ಎಲ್ಲರ ಫೋನುಗಳನ್ನೂ ಬೇರೆ ಕೋಣೆಯಲ್ಲಿರಿಸುವುದು.

ನಿಯಮ ತಪ್ಪುವುದುಂಟು. ಅನೇಕ ಸಲ ತಪ್ಪಿದವನು ನಾನೇ. ಹತ್ತು ವರ್ಷದ ಮಗಳು “ಅಪ್ಪ, ಅಪ್ರಸ್ತುತ!” ಎಂದು ಕೂಗುತ್ತಾಳೆ, ನಾಚಿ ಕೆಳಗಿಡುತ್ತೇನೆ. ತಪ್ಪಿದೆನೆಂದು ತಿಳಿಯುವ ಆ ಗಳಿಗೆಯೇ ಮರಳಿ ಬಂದ ಗಳಿಗೆ.

ಕಳೆದ ಭಾನುವಾರ ತಾಯಿಯವರನ್ನು ಅಂತರಗಂಗೆಗೆ ಕರೆದೊಯ್ದಿದ್ದೆ. ಶತಶೃಂಗ ಪರ್ವತದ ಒಡಲಿನಿಂದ ಬರುವ ನೀರು ಅಲ್ಲಿ ಕಲ್ಲಿನ ಬಸವನ ಬಾಯಿಂದ ಸುರಿಯುತ್ತದೆ. ಒಳಗಿನ ಗಂಗೆಯೆಂಬುದೇ ಅದರ ಹೆಸರು. ಜನರ ಗದ್ದಲ, ಕೋತಿಗಳ ಕಾಟ, ಸುತ್ತಲೂ ಚಿತ್ರ ತೆಗೆಯುವ ಮೊಬೈಲುಗಳು. ಅವುಗಳ ನಡುವೆ ತಾಯಿಯವರು ಚೊಂಬನ್ನು ಕದಲಿಸದೆ ಧಾರೆಯ ಕೆಳಗೆ ಹಿಡಿದು ನಿಂತರು. ಅದು ತುಂಬುವವರೆಗೂ ತಮ್ಮ ಬಾಲ್ಯದ ಯಾವುದೋ ಜಾತ್ರೆಯ ಕಥೆಯನ್ನು ಹೇಳುತ್ತಿದ್ದರು.

ನಾನು ‘ಹೂಂ’ ಎಂದೆ. ಈ ಸಲ ಕಥೆ ಪೂರ್ತಿಯಾಗಿ ಕೇಳಿಸಿತ್ತು.